ಒಂದೇ ಬೀಜ, ಹದಿನಾಲ್ಕು ಮನೆ: ಈ ವರ್ಷ ಎಲ್ಲರೂ ಅವರೆ ಹಾಕೋಣ

ಹಿತ್ತಲಮನೆ, ಜುಲೈ 7

ನಮ್ಮ ಮೈಸೂರಿನ ಕೈತೋಟದ ಗುಂಪಿನ ಈ ತಿಂಗಳ ಕೂಟದ ವರದಿ. ಪಾರ್ಕಿನಲ್ಲಿ ಸೇರಿದ್ದು ಇಪ್ಪತ್ತೆರಡು ಜನ. ಪುನರ್ವಸು ಮಳೆ ನಿನ್ನೆಯಿಂದ ಶುರು ಅಂತ ಪಂಚಾಂಗದಲ್ಲಿದೆ. ಬಿದ್ದಿದ್ದು ನಾಲ್ಕು ಹನಿ, ಅದೂ ಸರಿಯಾಗಿ ನಾವು ಬೀಜ ಹರಡಿದ್ದ ಪೇಪರ್ ಮೇಲೆ.

ಬೀಜ ಬದಲಾವಣೆಗೆ ಈ ಸಲದಿಂದ ಒಂದು ಕಟ್ಟುನಿಟ್ಟು. ಪೊಟ್ಟಣದ ಮೇಲೆ ಗಿಡದ ಹೆಸರು, ಯಾರ ಮನೆಯದು, ಯಾವ ತಿಂಗಳು ಎತ್ತಿಟ್ಟಿದ್ದು, ಮೂರೂ ಬರೆದಿರಬೇಕು. ಹೋದ ವರ್ಷ ಹೆಸರಿಲ್ಲದ ಪೊಟ್ಟಣದಿಂದ ಬಂದ ಸೋರೆ ಕಹಿ ಬಂದಿದ್ದು ನೆನಪಿದೆ ಅಲ್ವಾ? ಕಹಿ ಸೋರೆ ಅಂದರೆ ಹುಡುಗಾಟವಲ್ಲ. ವಾಂತಿ, ಭೇದಿ ಆಗಿ ಆಸ್ಪತ್ರೆ ಸೇರುವಷ್ಟು ಆಗಬಹುದು. ಹೆಚ್ಚುವ ಮೊದಲು ಒಂದು ಚೂರು ನಾಲಗೆಗೆ ತಾಗಿಸಿ ನೋಡಿ. ಕಹಿಯಿದ್ದರೆ ಇಡೀ ಕಾಯಿ ಬಿಸಾಡಿ, ಬೇಯಿಸಿದರೆ ಹೋಗುತ್ತದೆ ಅಂದುಕೊಳ್ಳಬೇಡಿ.

ಈಗ ಮುಖ್ಯ ವಿಷಯ. ಅವರೆ ಅಜ್ಜಿ ತಮ್ಮ ಮನೆಯ ಚಪ್ಪರದಲ್ಲಿ ಬೆಳೆದ ನಾಟಿ ಅವರೆ ಬೀಜ ತಂದಿದ್ದರು. ಹದಿನಾಲ್ಕು ಮನೆಯವರು ತಲಾ ಐದು ಕಾಳು ತೆಗೆದುಕೊಂಡಿದ್ದಾರೆ. ಎಲ್ಲರೂ ಒಂದೇ ವಾರ ಹಾಕೋಣ, ಏನಾಯಿತು ಅಂತ ಇಲ್ಲೇ ಬರೆಯೋಣ. ಸುಳ್ಳು ಬರೆಯಬಾರದು, ಸತ್ತರೆ ಸತ್ತಿತು ಅಂತಲೇ ಬರೆಯಿರಿ.

ಕೊಟ್ಟಿಗೆ ಗೊಬ್ಬರದ ಮೂಟೆ ಇನ್ನೂ ಆರು ನಮ್ಮ ಗೇಟಿನ ಹತ್ತಿರ ಇವೆ. ಯಾರದ್ದೋ ಬೇಗ ಒಯ್ಯಿರಿ, ನಮ್ಮ ಮನೆಯವರು ಮುಖ ಸಿಂಡರಿಸುತ್ತಿದ್ದಾರೆ.

ಹೊಸ ಕುಂಡ, ಜುಲೈ 7

ಎಲ್ಲರಿಗೂ ನಮಸ್ಕಾರ. ನಿನ್ನೆ ಮೊದಲ ಸಲ ಬಂದವನು ನಾನೇ. ಬಾಡಿಗೆ ಮನೆ, ಮೊದಲ ಮಹಡಿ, ಮುಂದೆ ಸಣ್ಣ ತಾರಸಿ ಇದೆ. ಅಲ್ಲಿ ಅವರೆ ಬರುತ್ತದಾ? ಎಷ್ಟು ದೊಡ್ಡ ಕುಂಡ ಬೇಕು? ಐದು ಕಾಳೂ ಇವತ್ತೇ ಹಾಕಿಬಿಡಲಾ? ಕೈ ತಡೆಯುತ್ತಿಲ್ಲ.

ಅವರೆ ಅಜ್ಜಿ, ಜುಲೈ 8

ತಡಿಯಪ್ಪ. ಈಗ ಹಾಕಿದರೆ ಸುಮ್ನೆ ಬಳ್ಳಿ ಬೆಳೆಯುತ್ತದೆ. ಹೂವು ಬಿಡುವುದು ಅದರ ಕಾಲಕ್ಕೇ. ನಿನ್ನ ಸಣ್ಣ ತಾರಸಿಯಲ್ಲಿ ಅಷ್ಟು ಬಳ್ಳಿ ಎಲ್ಲಿ ಹಬ್ಬಿಸುತ್ತೀಯ? ಆಶ್ಲೇಷ ಮಳೆ ಆಗಸ್ಟ್ 3ರ ಹೊತ್ತಿಗೆ ಹುಟ್ಟುತ್ತದೆ, ಆಗ ಹಾಕು. ಇಪ್ಪತ್ತು ಲೀಟರಿನ ಪೇಂಟ್ ಬಕೆಟ್ ಸಾಕು. ತಳಕ್ಕೆ ಏಳೆಂಟು ತೂತು ಮಾಡು. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಹಳೇ ಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ, ಒಂದು ಹಿಡಿ ಬೇವಿನ ಹಿಂಡಿ. ಒಂದು ಬಕೆಟ್‌ಗೆ ಎರಡೇ ಬಳ್ಳಿ.

ನಮ್ಮ ತವರು ಹುಣಸೂರು ಕಡೆ. ಅಲ್ಲಿ ಅವರೆಗೆ ಬೇರೆ ಜಾಗವೇ ಇರಲಿಲ್ಲ. ರಾಗಿ ಹೊಲದಲ್ಲೇ ನಡುನಡುವೆ ಅವರೆಗೆ ಅಂತ ಅಕ್ಕಡಿ ಸಾಲು ಬಿಡುತ್ತಿದ್ದರು. ರಾಗಿ ಇರುವವರೆಗೂ ಅವರೆ ಸುಮ್ಮನೆ ಕೂತಿರುತ್ತಿತ್ತು. ರಾಗಿ ಕೊಯ್ದು ಗುಡ್ಡೆ ಹಾಕಿದ ಮೇಲೆ ನೋಡಬೇಕಿತ್ತು ಅದರ ಆರ್ಭಟ.

ಮಣ್ಣಿನ ಮೇಷ್ಟ್ರು, ಜುಲೈ 8

ತೂಕದ ಮಾತು ಯಾರೂ ಎತ್ತಲಿಲ್ಲ. ನೀರು ಕುಡಿದ ಇಪ್ಪತ್ತು ಲೀಟರ್ ಬಕೆಟ್ ಸುಲಭವಾಗಿ 25 ಕೆಜಿ ದಾಟುತ್ತದೆ. ತಾರಸಿಯ ನಡುವೆ ಗುಂಪಾಗಿ ಇಡಬೇಡಿ, ಕೆಳಗೆ ಗೋಡೆ ಅಥವಾ ತೊಲೆ ಇರುವ ಅಂಚಿನಲ್ಲಿ ಇಡಿ. ಪ್ರತಿ ಬಕೆಟ್ ಅಡಿಗೆ ಎರಡು ಇಟ್ಟಿಗೆ ಕೊಡಿ. ನೀರು ಸರಾಗ ಹರಿದು ಹೋದರೆ ಮನೆ ಮಾಲೀಕರ ಜೊತೆ ಜಗಳವೂ ಇಲ್ಲ.

ಮಲ್ಲಿಗೆ ದಂಡೆ, ಜುಲೈ 9

ನಾನು ಉಡುಪಿಯವಳು, ಮಗಳ ಮನೆಗೆ ಬಂದಾಗಲೆಲ್ಲ ನಿಮ್ಮ ಕೂಟಕ್ಕೆ ಬರುತ್ತೇನೆ. ನೀವು ನಾಲ್ಕು ಹನಿಯ ಮಳೆಗೆ ಪೇಪರ್ ಒದ್ದೆಯಾಯಿತು ಅಂತ ಬರೆದಿದ್ದು ಓದಿ ನಗು ಬಂತು. ನಮ್ಮಲ್ಲಿ ವರ್ಷಕ್ಕೆ ಹತ್ತಿರ ಹತ್ತಿರ 4000 ಮಿ.ಮೀ. ಮಳೆ, ಅದರಲ್ಲಿ ಬಹುಪಾಲು ಈಗಲೇ. ಬೆಂಡೆ, ಹೀರೆ, ಮುಳ್ಳುಸೌತೆ, ಅಲಸಂಡೆ ಎಲ್ಲ ಮಣ್ಣು ಏರಿಸಿ ದಿಬ್ಬದ ಮೇಲೆ ಹಾಕಬೇಕು. ಇಲ್ಲದಿದ್ದರೆ ಬೇರು ಕೊಳೆತು ಹೋಗುತ್ತದೆ. ಬಸಳೆ ಚಪ್ಪರಕ್ಕೂ ಈಗ ಮೈಯೆಲ್ಲ ಚುಕ್ಕಿ. ಕೆಸುವೊಂದೇ ಸುಖವಾಗಿದೆ, ಆಟಿ ತಿಂಗಳ ಪತ್ರೊಡೆಗೆ ಅಷ್ಟು ಸಾಕು. ಮಟ್ಟುಗುಳ್ಳದ ಗದ್ದೆಯವರು ಭತ್ತ ಮುಗಿಸಿದ ಮೇಲೇ ಬದನೆಗೆ ಇಳಿಯುವುದು.

ಟೊಮೆಟೊ ಹುಚ್ಚ, ಜುಲೈ 11

ಮೇಷ್ಟ್ರೇ, ಒಂದು ಪ್ರಶ್ನೆ. ಹೆಸರಘಟ್ಟದ ತೋಟಗಾರಿಕೆ ಸಂಸ್ಥೆಯ ಅರ್ಕಾ ರಕ್ಷಕ್ ಟೊಮೆಟೊ ಕಳೆದ ವರ್ಷ ಗೊಂಚಲು ಗೊಂಚಲು ಬಿಟ್ಟಿತು. ಅದರ ಬೀಜ ತೆಗೆದಿಟ್ಟಿದ್ದೇನೆ. ಮುಂದಿನ ಕೂಟದಲ್ಲಿ ಹಂಚಲಾ?

ಮಣ್ಣಿನ ಮೇಷ್ಟ್ರು, ಜುಲೈ 11

ಹಂಚಬೇಡಿ. ಅದು ಎರಡು ತಳಿ ಸೇರಿಸಿ ಮಾಡಿದ ಹೈಬ್ರಿಡ್. ಅದರ ಬೀಜದಿಂದ ಅದೇ ಗಿಡ ಬರುವುದಿಲ್ಲ, ಒಂದೊಂದು ಒಂದೊಂದು ತರಹ ಬರುತ್ತದೆ. ಸಂಕರವಲ್ಲದ ನಾಟಿ ಟೊಮೆಟೊ ಆದರೆ ಧೈರ್ಯವಾಗಿ ಕೊಡಿ. ಟೊಮೆಟೊ, ಅವರೆ, ಹುರುಳಿಕಾಯಿ ಮಟ್ಟಿಗೆ ಹೂವು ಹೆಚ್ಚಾಗಿ ತನ್ನಲ್ಲೇ ಕಾಯಿ ಕಟ್ಟಿಕೊಳ್ಳುತ್ತದೆ, ತಳಿ ಕೆಡುವುದು ಕಡಿಮೆ. ಸೋರೆ, ಕುಂಬಳ, ಹೀರೆ, ಸೌತೆ ಹಾಗಲ್ಲ. ಜೇನುಹುಳ ಯಾರ ಮನೆಯ ಪರಾಗ ಯಾರ ಮನೆಗೆ ತಂದಿತೋ ಯಾರಿಗೆ ಗೊತ್ತು?

ಹೊಸ ಕುಂಡ, ಆಗಸ್ಟ್ 5

ಹಾಕಿದೆ! ಎರಡು ಬಕೆಟ್, ನಾಲ್ಕು ಕಾಳು. ಐದನೆಯದು ಜೇಬಿನಲ್ಲೇ ಉಳಿದು ಬಟ್ಟೆ ಜೊತೆ ವಾಷಿಂಗ್ ಮಷೀನ್‌ಗೆ ಹೋಯಿತು.

ಹಿತ್ತಲಮನೆ, ಆಗಸ್ಟ್ 16

ನಮ್ಮ ಮನೆಯ ಐದೂ ಮೊಳೆತವು, ಎರಡೆಲೆ ಬಂತು. ಬೆಳಿಗ್ಗೆ ಎದ್ದು ನೋಡಿದರೆ ಮೂರು ಮೊಂಡು. ಮಣ್ಣಿನ ಮೇಲೆ ಬೆಳ್ಳಿ ಗೆರೆ ಎಳೆದ ಹಾಗಿತ್ತು. ಬಸವನಹುಳು! ಹಿತ್ತಲ ಕಲ್ಲಿನ ಸಂದಿಯಲ್ಲಿ ಮುಷ್ಟಿ ಗಾತ್ರದವು ಕೂತಿವೆ.

ದಾಸವಾಳ ಗೇಟು, ಆಗಸ್ಟ್ 16

ಅಕ್ಕ, ಗೋಣಿಚೀಲ ಒದ್ದೆ ಮಾಡಿ, ಕೆಳಗೆ ಪಪ್ಪಾಯಿ ಎಲೆ ಅಥವಾ ಕೋಸಿನ ಹೊರಗಿನ ಎಲೆ ಹಾಕಿ ಸಂಜೆ ಇಟ್ಟುಬಿಡಿ. ರಾತ್ರಿಯೆಲ್ಲ ಬಂದು ಅಲ್ಲೇ ಸೇರಿಕೊಳ್ಳುತ್ತವೆ. ಬೆಳಿಗ್ಗೆ ಎತ್ತಿ ಉಪ್ಪು ನೀರಿಗೆ ಹಾಕಿ. ಬರಿಗೈಯಲ್ಲಿ ಮಾತ್ರ ಮುಟ್ಟಬೇಡಿ, ಅದರ ಮೈಯಲ್ಲಿ ಪರಾವಲಂಬಿ ಹುಳು ಇರುವುದುಂಟು. ಉಪ್ಪನ್ನು ಕುಂಡದ ಮಣ್ಣಿಗೂ ಚೆಲ್ಲಬೇಡಿ, ಗಿಡವೇ ಹೋಗುತ್ತದೆ. ಇದು ನಾನು ಮಾಡಿ ಕಲಿತಿದ್ದು.

ಟೊಮೆಟೊ ಹುಚ್ಚ, ಆಗಸ್ಟ್ 18

ನಮ್ಮ ಮನೆಯ ಐದೂ ಹೋದವು. ಬಸವನಹುಳು ಅಲ್ಲ, ಪಾರಿವಾಳ. ಸತ್ತರೆ ಸತ್ತಿತು ಅಂತ ಬರೆಯಲು ಹೇಳಿದ್ದಿರಿ, ಬರೆದಿದ್ದೇನೆ.

ಅವರೆ ಅಜ್ಜಿ, ಸೆಪ್ಟೆಂಬರ್ 9

ಬಳ್ಳಿ ಆಳೆತ್ತರ ಬಂದವರು ತುದಿ ಚಿವುಟಿ. ಪಕ್ಕದಲ್ಲಿ ಕವಲು ಒಡೆಯುತ್ತದೆ. ಗೊಬ್ಬರ ಇನ್ನು ಬೇಡ. ಎಷ್ಟು ಹೇಳಿದರೂ ಕೆಲವರು ಕೈ ತಡೆಯುವುದಿಲ್ಲ.

ದಾಸವಾಳ ಗೇಟು, ಸೆಪ್ಟೆಂಬರ್ 9

ಜೀವಾಮೃತ ಕೊಡಬಹುದಾ ಅಜ್ಜಿ? ನಮ್ಮ ಮನೆಯವರು 200 ಲೀಟರ್ ಡ್ರಮ್‌ಗೆ ಹತ್ತು ಕೆಜಿ ಸಗಣಿ, ಗಂಜಲ, ಎರಡು ಕೆಜಿ ಬೆಲ್ಲ, ಎರಡು ಕೆಜಿ ಕಡಲೆ ಹಿಟ್ಟು, ಒಂದು ಹಿಡಿ ಮಣ್ಣು ಅಂತ ಪೂರ್ತಿ ಲೆಕ್ಕದಲ್ಲೇ ಕಲಸಿಟ್ಟಿದ್ದಾರೆ. ನಮ್ಮಲ್ಲಿರುವುದು ಹನ್ನೊಂದು ಕುಂಡ.

ಮಣ್ಣಿನ ಮೇಷ್ಟ್ರು, ಸೆಪ್ಟೆಂಬರ್ 9

ಹನ್ನೊಂದು ಕುಂಡಕ್ಕೆ 200 ಲೀಟರಾ? ಅದು ಒಂದು ಎಕರೆಯ ಲೆಕ್ಕ! ನಾಳೆ ಎಲ್ಲರೂ ಬಾಟಲಿ ಹಿಡಿದು ಅವರ ಮನೆಗೆ ಹೋಗಿ. ಹಳಸುವ ಮೊದಲು ಖರ್ಚಾಗಲಿ.

ಹಿತ್ತಲಮನೆ, ಅಕ್ಟೋಬರ್ 14

ದಸರಾ ಫಲಪುಷ್ಪ ಪ್ರದರ್ಶನಕ್ಕೆ ಕುಪ್ಪಣ್ಣ ಪಾರ್ಕಿಗೆ ಒಟ್ಟಿಗೆ ಹೋಗಿದ್ದೆವು. ಹೂವಿನ ಆಕೃತಿಗಳ ಮುಂದೆ ಫೋಟೋ ತೆಗೆಸಿಕೊಳ್ಳುವವರ ಸಾಲು ನೋಡಿ ನಾವು ಪಕ್ಕಕ್ಕೆ ಸರಿದೆವು. ಕುಂಡದಲ್ಲಿ ಬೆಳೆಸಿದ ಗಿಡಗಳ ಸಾಲು ನನಗೆ ಜಾಸ್ತಿ ಹಿಡಿಸಿತು. ಅಲ್ಲಿ ಮಾಲಿಯೊಬ್ಬರು ಸಸಿಯ ಬುಡದ ಮಣ್ಣನ್ನು ಬೆರಳಲ್ಲಿ ಒತ್ತಿ ನೋಡಿಯೇ ನೀರು ಹಾಕುತ್ತಿದ್ದರು. ನಾವು ಹೊತ್ತು ನೋಡಿ ನೀರು ಹಾಕುತ್ತೇವೆ, ಅವರು ಮಣ್ಣು ನೋಡಿ ಹಾಕುತ್ತಾರೆ.

ಚಳಿಗಾಲದ ಬಿತ್ತನೆ ಇನ್ನು ತಡ ಮಾಡಬೇಡಿ. ಕೋಸು, ಹೂಕೋಸಿನ ಸಸಿ ಈಗ ನೆಡಬಹುದು. ಮೂಲಂಗಿ, ಕ್ಯಾರೆಟ್, ಬೀಟ್‌ರೂಟ್ ನೇರ ಜಾಗಕ್ಕೇ ಹಾಕಿ. ಕ್ಯಾರೆಟ್ ಸಸಿ ಮಾಡಿ ಕಿತ್ತು ನೆಟ್ಟರೆ ಗೆಡ್ಡೆ ಕವಲಾಗುತ್ತದೆ. ಮೆಂತ್ಯ, ಕೊತ್ತಂಬರಿಗೆ ಬರುವ ಮೂರು ತಿಂಗಳು ಹಬ್ಬ. ಕೊತ್ತಂಬರಿ ಕಾಳನ್ನು ಚಪ್ಪಲಿಯಲ್ಲಿ ಹಗುರ ಉಜ್ಜಿ ಎರಡು ಹೋಳು ಮಾಡಿ ಹಾಕಿ.

ಅವರೆ ಅಜ್ಜಿ, ನವೆಂಬರ್ 6

ನಮ್ಮನೆ ಚಪ್ಪರದಲ್ಲಿ ಹೂವು. ಇವತ್ತು ವಿಶಾಖ ಮಳೆ ಹುಟ್ಟುವ ದಿನ.

ದಾಸವಾಳ ಗೇಟು, ನವೆಂಬರ್ 8

ನಮ್ಮಲ್ಲೂ! ಹೂವಿಗಿಂತ ಮೊದಲು ಕಪ್ಪು ಹೇನು ಬಂದವು, ಅವುಗಳ ಹಿಂದೆ ಇರುವೆ. ಪೈಪಿನಲ್ಲಿ ಜೋರಾಗಿ ನೀರು ಬಿಟ್ಟು ಉದುರಿಸಿದೆ. ಉಳಿದದ್ದಕ್ಕೆ ಸಂಜೆ ಹೊತ್ತು ಲೀಟರಿಗೆ 5 ಮಿ.ಲೀ. ಬೇವಿನೆಣ್ಣೆ, ಚೂರು ಸೋಪು. ಗುಲಗಂಜಿ ಹುಳ ಕಂಡ ಕೊಂಬೆಗೆ ಮಾತ್ರ ಏನೂ ಹೊಡೆಯಲಿಲ್ಲ, ಅವು ಹೇನು ತಿನ್ನುತ್ತವೆ.

ಹೊಸ ಕುಂಡ, ನವೆಂಬರ್ 15

ಎಲ್ಲರ ಮನೆಯಲ್ಲೂ ಹೂವಂತೆ. ನನ್ನದು ನೋಡಿದರೆ ಕಾಡು. ಎಲೆ ಅಂಗೈಗಿಂತ ದೊಡ್ಡದು, ಬಳ್ಳಿ ಗ್ರಿಲ್ ಹಿಡಿದು ಮೇಲಿನ ಮನೆಯವರ ಬಟ್ಟೆ ಹಗ್ಗಕ್ಕೆ ಹೋಗಿದೆ. ಒಂದು ಮೊಗ್ಗಿಲ್ಲ. ಅಜ್ಜಿ, ತಪ್ಪು ತಿಳಿಯಬೇಡಿ, ನನಗೆ ಕೊಟ್ಟ ಕಾಳು ಬೇರೆ ತಳಿಯದಾ?

ಅವರೆ ಅಜ್ಜಿ, ನವೆಂಬರ್ 15

ಒಂದೇ ಡಬ್ಬಿಯಿಂದ ಹದಿನಾಲ್ಕು ಮನೆಗೆ ಕೊಟ್ಟಿದ್ದೇನೆ ಕಣಪ್ಪ. ನಿನ್ನ ಮನೆಗೆ ಮಾತ್ರ ಬೇರೆ ಹೇಗಾಗುತ್ತದೆ? ಎಷ್ಟು ಗೊಬ್ಬರ ಸುರಿದೆ, ನಿಜ ಹೇಳು.

ಹೊಸ ಕುಂಡ, ನವೆಂಬರ್ 15

ದೇವರಾಣೆಗೂ ಒಂದು ಹಿಡಿ ಹಾಕಿಲ್ಲ. ದಾಸವಾಳ ಗೇಟಿನವರ ಮನೆಯಿಂದ ತಂದ ಜೀವಾಮೃತ ಕೂಡ ವಾಸನೆಗೆ ಹೆದರಿ ಮಾಲೀಕರು ಚೆಲ್ಲಿಸಿದರು.

ಟೊಮೆಟೊ ಹುಚ್ಚ, ನವೆಂಬರ್ 15

ದೃಷ್ಟಿ ತಾಗಿದೆ. ಮೆಣಸಿನಕಾಯಿ ನಿವಾಳಿಸಿ.

ಮಣ್ಣಿನ ಮೇಷ್ಟ್ರು, ನವೆಂಬರ್ 16

ಗೊಬ್ಬರವೂ ಅಲ್ಲ, ದೃಷ್ಟಿಯೂ ಅಲ್ಲ ಅನ್ನಿಸುತ್ತಿದೆ. ಬಿಸಿಲು ಎಷ್ಟು ಗಂಟೆ? ತಾರಸಿ ಯಾವ ದಿಕ್ಕಿಗೆ? ಬಳ್ಳಿಯಲ್ಲಿ ಎಲ್ಲೂ ಒಂದೂ ಮೊಗ್ಗಿಲ್ಲವಾ? ಸರಿಯಾಗಿ ಹುಡುಕಿ ಹೇಳಿ.

ಹೊಸ ಕುಂಡ, ನವೆಂಬರ್ 16

ಪೂರ್ವಕ್ಕೆ ಇದೆ, ಬೆಳಿಗ್ಗೆಯಿಂದ ಒಂದು ಗಂಟೆವರೆಗೂ ಒಳ್ಳೆ ಬಿಸಿಲು. ಈಗ ಟಾರ್ಚ್ ಹಿಡಿದು ಹುಡುಕಿದೆ. ಒಂದು ಕವಲು ನೀರಿನ ಟ್ಯಾಂಕಿನ ಹಿಂದಕ್ಕೆ ಹೋಗಿದೆ. ಅದರಲ್ಲಿ ಮಾತ್ರ ಸಣ್ಣ ಮೊಗ್ಗಿನ ಗೊಂಚಲು! ಅಲ್ಲಿ ಬಿಸಿಲೇ ಕಡಿಮೆ. ಇದೇನು ಉಲ್ಟಾ?

ಮಣ್ಣಿನ ಮೇಷ್ಟ್ರು, ನವೆಂಬರ್ 16

ಟಾರ್ಚ್ ಹಿಡಿದು ಹುಡುಕಿದ್ದು ಟ್ಯಾಂಕಿನ ಹಿಂದೆಯೋ, ಮುಂದೆಯೂ ಹಿಡಿದಿರೋ?

ಹೊಸ ಕುಂಡ, ನವೆಂಬರ್ 16

ಮುಂದೆ ಟಾರ್ಚ್ ಬೇಕಾಗಲಿಲ್ಲ ಸರ್. ಬೀದಿ ದೀಪ ಇದೆಯಲ್ಲ. ಗಣಪತಿ ಹಬ್ಬದ ಮುಂಚೆ ಹಳೇ ಮಂಕು ದೀಪ ತೆಗೆದು ಬಿಳಿ ಎಲ್ಇಡಿ ಹಾಕಿದರು. ಕಂಬ ನಮ್ಮ ಗ್ರಿಲ್‌ನಿಂದ ಎರಡು ಮಾರು. ಪೇಪರ್ ಓದುವಷ್ಟು ಬೆಳಕು.

ಅಯ್ಯೋ. ಅದೇನಾ?

ಮಣ್ಣಿನ ಮೇಷ್ಟ್ರು, ನವೆಂಬರ್ 17

ಅದೇ ಇರಬೇಕು. ಸ್ವಲ್ಪ ಉದ್ದ ಬರೆಯುತ್ತೇನೆ, ಮೇಷ್ಟ್ರ ಚಾಳಿ.

ನಮ್ಮ ನಾಟಿ ಅವರೆ ಹೂ ಬಿಡುವುದು ಮಳೆ ನೋಡಿ ಅಲ್ಲ, ಚಳಿ ನೋಡಿಯೂ ಅಲ್ಲ. ರಾತ್ರಿ ಎಷ್ಟು ಉದ್ದ ಇದೆ ಅಂತ ನೋಡಿ. ಮೈಸೂರಿನಲ್ಲಿ ಜೂನ್ ಕೊನೆಯ ಹಗಲು ಸುಮಾರು 12 ಗಂಟೆ 50 ನಿಮಿಷ. ಡಿಸೆಂಬರ್ ಕೊನೆಗೆ 11 ಗಂಟೆ 20 ನಿಮಿಷ. ವರ್ಷವಿಡೀ ಸೇರಿ ವ್ಯತ್ಯಾಸ ಒಂದೂವರೆ ಗಂಟೆ. ನಮಗೆ ಅದು ಗೊತ್ತೇ ಆಗುವುದಿಲ್ಲ, ಬೇಗ ಕತ್ತಲಾಯಿತು ಅಂತ ಒಂದು ದಿನ ಹೇಳಿ ಮರೆಯುತ್ತೇವೆ. ಅವರೆ ಮರೆಯುವುದಿಲ್ಲ. ಅದರ ಎಲೆ ಪ್ರತಿ ರಾತ್ರಿ ಲೆಕ್ಕ ಇಡುತ್ತದೆ. ರಾತ್ರಿ ಸಾಕಷ್ಟು ಉದ್ದವಾದ ಮೇಲೆ ಹೂವಿಗೆ ಹೊರಡುತ್ತದೆ. ನಡುವೆ ಬೆಳಕು ಬಿದ್ದರೆ ಆ ಲೆಕ್ಕ ಕೆಡುತ್ತದೆ. ನಿಮ್ಮ ಬಳ್ಳಿಗೆ ಇನ್ನೂ ರಾತ್ರಿಯೇ ಆಗಿಲ್ಲ. ಟ್ಯಾಂಕಿನ ಹಿಂದಿನ ಕವಲಿಗೆ ಮಾತ್ರ ಆಗಿದೆ.

ಸೇವಂತಿಗೆಯೂ ಹೀಗೇ. ಚಿಕ್ಕಬಳ್ಳಾಪುರದ ಕಡೆ ರಾತ್ರಿ ಬಸ್ಸಿನಲ್ಲಿ ಹೋದರೆ ಸೇವಂತಿಗೆ ತೋಟದಲ್ಲಿ ಸಾಲು ಸಾಲು ಬಲ್ಬ್ ಉರಿಯುವುದು ಕಾಣುತ್ತದೆ. ಹೂವು ಬೇಗ ಬಾರದಿರಲಿ, ಗಿಡ ಇನ್ನಷ್ಟು ಬೆಳೆಯಲಿ, ಬೇಕಾದ ಹೊತ್ತಿಗೆ ಹೂವು ಸಿಗಲಿ ಅಂತ ಹಾಕುವುದು. ಅವರು ದುಡ್ಡು ಕೊಟ್ಟು ಮಾಡುವ ಕೆಲಸ ನಿಮಗೆ ಬಿಟ್ಟಿಯಾಗಿ ಆಗಿದೆ.

ಚಳಿಯೂರು, ನವೆಂಬರ್ 17

ಇಂಗ್ಲೆಂಡಿನ ಲೀಡ್ಸ್‌ನಿಂದ ಬರೆಯುತ್ತಿದ್ದೇನೆ, ನಮ್ಮಮ್ಮ ನಿಮ್ಮ ಗುಂಪಿನಲ್ಲಿದ್ದಾರೆ. ಇದನ್ನು ಓದಿ ನನ್ನ ಎರಡು ವರ್ಷದ ಒಗಟು ಬಿಡಿಸಿತು! ಇಲ್ಲಿನ ನಮ್ಮವರ ಅಂಗಡಿಯಲ್ಲಿ ಸಿಗುವ ಒಣ ಅವರೆಕಾಳನ್ನೇ ಮೊಳಕೆ ಬರಿಸಿ ಹಿತ್ತಲಲ್ಲಿ ನೆಟ್ಟಿದ್ದೆ. ಇಲ್ಲಿ ಜೂನ್ ಹಗಲು 17 ಗಂಟೆ. ಬಳ್ಳಿ ಬೇಲಿ ಹಾರಿ ಪಕ್ಕದ ಮನೆ ಸೇರಿತು. ಸೆಪ್ಟೆಂಬರ್ ಕೊನೆಗೆ ಮೊಗ್ಗು ಬಂತು, ಅಕ್ಟೋಬರ್ ಚಳಿಗೆ ಎಲ್ಲ ಕಪ್ಪಾಯಿತು. ಎರಡು ವರ್ಷವೂ ಅದೇ. ಅಮ್ಮ ಫೋನಿನಲ್ಲಿ ನೀರು ಜಾಸ್ತಿ ಹಾಕಿದೆ ಅಂತ ಬೈದಿದ್ದರು. ಅಮ್ಮಾ, ಓದಿದ್ರಾ?

ಟೊಮೆಟೊ ಹುಚ್ಚ, ನವೆಂಬರ್ 17

ಹಾಗಾದರೆ ಬೇಸಿಗೆಯಲ್ಲೂ ಮಾರ್ಕೆಟ್‌ನಲ್ಲಿ ಅವರೆಕಾಯಿ ಬರುತ್ತದಲ್ಲ, ಅದು ಹೇಗೆ ಮೇಷ್ಟ್ರೇ?

ಮಣ್ಣಿನ ಮೇಷ್ಟ್ರು, ನವೆಂಬರ್ 17

ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಹೆಬ್ಬಾಳ ಅವರೆ ಅಂತ ತಳಿ ಮಾಡಿದ್ದಾರೆ, 3 ಮತ್ತು 4 ಹೆಸರಾದವು. ಗಿಡ ಗಿಡ್ಡ, ಹಗಲು ರಾತ್ರಿಯ ಲೆಕ್ಕ ಇಲ್ಲ, ಯಾವ ತಿಂಗಳು ಹಾಕಿದರೂ ಕಾಯಿ ಬಿಡುತ್ತದೆ. ಲೀಡ್ಸ್‌ನವರಿಗೆ ಅಂಥದ್ದೇ ಬೇಕು. ಆದರೆ ಸೂಟ್‌ಕೇಸಿನಲ್ಲಿ ಬಿತ್ತನೆ ಬೀಜ ಒಯ್ಯಬೇಡಿ. ಸಸ್ಯ ಆರೋಗ್ಯದ ಪ್ರಮಾಣಪತ್ರ ಇಲ್ಲದೆ ಅಲ್ಲಿ ಬಿಡುವುದಿಲ್ಲ.

ಅವರೆ ಅಜ್ಜಿ, ನವೆಂಬರ್ 17

ಬೇಸಿಗೆ ಅವರೆಗೆ ಸೊಗಡು ಎಲ್ಲಿದೆ? ಕಾಯಿ ಸುಲಿದರೆ ಕೈ ಅಂಟಬೇಕು, ಸೋಪು ಹಾಕಿ ತೊಳೆದರೂ ಘಮ ಹೋಗಬಾರದು. ಇಬ್ಬನಿ ಬೀಳದೆ ಅದು ಬರುವುದಿಲ್ಲ.

ದಾಸವಾಳ ಗೇಟು, ನವೆಂಬರ್ 17

ಅಜ್ಜಿ, ಬೇಸಿಗೆಯಲ್ಲಿ ನೀವೇ ನಮ್ಮನೆಯಲ್ಲಿ ಎರಡು ಸಲ ಹಾಕಿಸಿಕೊಂಡು ತಿಂದಿರಿ.

ಹೊಸ ಕುಂಡ, ನವೆಂಬರ್ 18

ಈಗ ನಾನೇನು ಮಾಡಲಿ? ದೀಪ ಆರಿಸಿ ಅಂತ ಕೇಳುವ ಹಾಗಿಲ್ಲ, ರಾತ್ರಿ ಹೆಂಗಸರು ಮಕ್ಕಳು ಓಡಾಡುವ ರಸ್ತೆ. ಬೆಳಕು ಬಂದಿದ್ದಕ್ಕೆ ಎಲ್ಲರಿಗೂ ಖುಷಿಯಿದೆ. ಕುಂಡ ಹಿಂದಕ್ಕೆ ಸರಿಸೋಣ ಅಂದರೆ ಬಳ್ಳಿ ಗ್ರಿಲ್‌ಗೆ ಹೆಣೆದುಕೊಂಡಿದೆ.

ಹಿತ್ತಲಮನೆ, ನವೆಂಬರ್ 18

ಸಂಜೆ ಆರಕ್ಕೆ ಪರದೆ ಇಳಿಬಿಡಿ, ಬೆಳಿಗ್ಗೆ ಆರಕ್ಕೆ ಎತ್ತಿ. ಹಸಿರು ಬಲೆ ಸಾಲದು, ಅದರಲ್ಲಿ ಬೆಳಕು ತೂರುತ್ತದೆ. ಬೆನ್ನು ಕಪ್ಪಿರುವ ಹಳೇ ಫ್ಲೆಕ್ಸ್ ಒಂದು ನಮ್ಮ ಶೆಡ್ಡಿನಲ್ಲಿದೆ, ಗೊಬ್ಬರದ ಮೂಟೆ ಮುಚ್ಚಲು ಇಟ್ಟಿದ್ದು. ಯಾರದೋ ಹುಟ್ಟುಹಬ್ಬದ ಶುಭಾಶಯದ್ದು. ಬಂದು ಒಯ್ಯಿರಿ.

ಹೊಸ ಕುಂಡ, ನವೆಂಬರ್ 20

ಕಟ್ಟಿದೆ. ಮುಖ ಬಳ್ಳಿ ಕಡೆಗಿದೆ, ಕಪ್ಪು ಬೆನ್ನು ಬೀದಿ ಕಡೆಗೆ. ಮಾಲೀಕರು ಬಂದು, ಯಾರಪ್ಪ ಇವರು ಅಂತ ಕೇಳಿದರು. ಅವರೆಗೆ ಅವರೇ ಕಾವಲು ಅಂದೆ. ಅರ್ಥವಾಗಲಿಲ್ಲ, ಆದರೆ ಬಿಚ್ಚು ಅನ್ನಲಿಲ್ಲ.

ಮಲ್ಲಿಗೆ ದಂಡೆ, ಡಿಸೆಂಬರ್ 2

ಏನಾದರೂ ಆಯಿತಾ?

ಹೊಸ ಕುಂಡ, ಡಿಸೆಂಬರ್ 2

ಇಲ್ಲ. ಮೊನ್ನೆ ಊರಿಗೆ ಹೋಗಿ ಎರಡು ರಾತ್ರಿ ಪರದೆ ಬಿಡುವುದು ತಪ್ಪಿತು.

ಹೊಸ ಕುಂಡ, ಡಿಸೆಂಬರ್ 19

ಮೊಗ್ಗು! ಪರದೆಯ ಹಿಂದಿರುವ ಕವಲುಗಳಲ್ಲಿ ಮಾತ್ರ. ಪರದೆ ಮೀರಿ ಮೇಲಿನ ಮನೆಗೆ ಹೋದ ಬಳ್ಳಿ ಇನ್ನೂ ಹಸಿರು ಹಸಿರಾಗಿ ನಗುತ್ತಾ ನಿಂತಿದೆ. ಎಣಿಸಿದೆ, ಒಂಬತ್ತು ಗೊಂಚಲು. ಆಫೀಸಿಗೆ ತಡವಾಯಿತು.

ಹಿತ್ತಲಮನೆ, ಜನವರಿ 12

ಸಂಕ್ರಾಂತಿ ಕೂಟದ ವರದಿ. ಹದಿನಾಲ್ಕು ಮನೆಯಲ್ಲಿ ಹನ್ನೆರಡು ಮನೆಯ ಕಾಯಿ ಬಂತು. ಪಾರ್ಕಿನ ಕಟ್ಟೆ ಮೇಲೆ ಕೂತು ಎಲ್ಲರೂ ಸುಲಿದೆವು. ರಾತ್ರಿಯೆಲ್ಲ ನೆನೆಸಿದ್ದ ಇನ್ನೊಂದು ಪಾತ್ರೆಯ ಕಾಳನ್ನು ಹಿದುಕಲು ಗಂಡಸರನ್ನು ಕೂರಿಸಿದೆವು. ಅರ್ಧ ಬೇಳೆ ಹಾರಿ ಹುಲ್ಲಿನ ಮೇಲೆ ಬಿತ್ತು. ಆದರೂ ಹಿದುಕಿದ ಬೇಳೆ ಸಾರು ಎಲ್ಲರಿಗೂ ಒಂದೊಂದು ಸೌಟು ಬಂತು. ಟೊಮೆಟೊ ಹುಚ್ಚರಿಗೆ ಪಾರಿವಾಳದ ಲೆಕ್ಕದಲ್ಲಿ ಎರಡು ಸೌಟು. ಹೊಸ ಕುಂಡದವರ ಕಾಯಿ ಇನ್ನೂ ಎಳಸು, ಬರಿಗೈಯಲ್ಲಿ ಬಂದು ಹೊಟ್ಟೆ ತುಂಬಿಸಿಕೊಂಡು ಹೋದರು.

ಅವರೆ ಅಜ್ಜಿ, ಜನವರಿ 12

ಬೀಜಕ್ಕೆ ಬಿಡುವವರು ಒಳ್ಳೆ ಬಳ್ಳಿಯ ದಪ್ಪ ಕಾಯಿ ನಾಲ್ಕಾರು ಗುರುತು ಮಾಡಿ, ದಾರ ಕಟ್ಟಿ ಬಿಟ್ಟುಬಿಡಿ. ಬಳ್ಳಿಯಲ್ಲೇ ಒಣಗಲಿ. ಆಮೇಲೆ ನೆರಳಲ್ಲಿ ಆರಿಸಿ, ಬೂದಿ ಬೆರೆಸಿ ಡಬ್ಬಿಗೆ ಹಾಕಿ. ಇಲ್ಲದಿದ್ದರೆ ಹುಳು ಹೊಡೆಯುತ್ತದೆ. ಹೊಸ ಕುಂಡದವನೇ, ನೀನೂ ಬೀಜಕ್ಕೆ ಬಿಡು. ಮುಂದಿನ ವರ್ಷ ನಿನ್ನ ಪೊಟ್ಟಣದ ಮೇಲೆ ಮೂರರ ಜೊತೆ ನಾಲ್ಕನೆಯದೂ ಬರಿ, ದೀಪ ಎಷ್ಟು ದೂರ ಇತ್ತು ಅಂತ.

ಹೊಸ ಕುಂಡ, ಫೆಬ್ರವರಿ 3

ಇವತ್ತು ಮೊದಲ ಕೊಯ್ಲು, ಮುಕ್ಕಾಲು ಕೆಜಿ. ಎಲ್ಲರ ಮನೆಯಲ್ಲೂ ಮುಗಿದ ಮೇಲೆ! ಮಾಲೀಕರಿಗೆ ಒಂದು ಹಿಡಿ ಕೊಟ್ಟೆ. ಸೊಗಡಿದೆ ಅಜ್ಜಿ, ಕೈ ಇನ್ನೂ ಅಂಟುತ್ತಿದೆ.

ದಾಸವಾಳ ಗೇಟು, ಫೆಬ್ರವರಿ 3

ಆ ಫ್ಲೆಕ್ಸ್ ಬಿಚ್ಚಿದ ಮೇಲೆ ನನಗೆ ಕೊಡಿ. ನಮ್ಮ ಗೇಟಿನ ಸೇವಂತಿಗೆ ಈ ವರ್ಷ ರಸ್ತೆ ಕಡೆ ಒಂದು ಮೊಗ್ಗೂ ಬಿಡಲಿಲ್ಲ. ನಮ್ಮ ಬೀದಿಗೂ ಹೊಸ ದೀಪ ಬಂದಿತ್ತು ಅಂತ ಈಗ ಹೊಳೆಯಿತು.

ಹಿತ್ತಲಮನೆ, ಫೆಬ್ರವರಿ 4

ಫ್ಲೆಕ್ಸ್ ನನ್ನದು. ಗೊಬ್ಬರದ ಮೂಟೆ ಇನ್ನೂ ಎರಡು ಇಲ್ಲೇ ಇವೆ, ಅವನ್ನು ಒಯ್ಯುವವರಿಗೆ ಫ್ಲೆಕ್ಸ್.